ಒಬ್ಬರೇ ಆಡುವ ಗೇಮ್‌ಗೂ ನೆಟ್ ಬೇಕಂತೆ: ಪಿಸಿ ಗೇಮ್‌ಗಳ ಆನ್‌ಲೈನ್ ಬೀಗದ ಒಳಹೊರಗು

ಕರಾವಳಿಯಲ್ಲಿ ಇಂಟರ್ನೆಟ್ ಹೋಗುವುದಕ್ಕೂ ಒಂದು ಋತುಮಾನವಿದೆ. ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಮನೆಯವರೇ ಟಿವಿ, ಮೋಡೆಮ್, ಕಂಪ್ಯೂಟರಿನ ಪ್ಲಗ್ ಕಿತ್ತಿಡುತ್ತಾರೆ. ಜೂನ್‌ನಲ್ಲಿ ಗಾಳಿಮಳೆ ಹಿಡಿದ ಮೇಲೆ ತೆಂಗಿನ ಮಡಲೋ ಹಲಸಿನ ಗೆಲ್ಲೋ ಬಿದ್ದು ಕಂಬದಿಂದ ಕಂಬಕ್ಕೆ ಎಳೆದ ಫೈಬರ್ ತುಂಡಾಗುತ್ತದೆ. ಆಟಿ ತಿಂಗಳಲ್ಲಿ ಬೆಳ್ತಂಗಡಿ, ಕಾರ್ಕಳ, ಬೈಂದೂರು ಕಡೆಯ ಒಳಊರುಗಳಲ್ಲಿ ಲೈನ್ ಸರಿಯಾಗಲು ಎರಡು ದಿನ ಹಿಡಿದರೂ ಯಾರಿಗೂ ಅಚ್ಚರಿಯಾಗುವುದಿಲ್ಲ. ಹೊರಗೆ ಕಾಲಿಡಲಾಗದ ಆ ಸಂಜೆಗಳೇ ಕೂತು ಗೇಮ್ ಆಡಲು ಹೇಳಿಮಾಡಿಸಿದ ಹೊತ್ತು. ಆದರೆ ಸಾವಿರಾರು ರೂಪಾಯಿ ಕೊಟ್ಟು ಕೊಂಡ, ಒಬ್ಬರೇ ಆಡುವ, ಹಾರ್ಡ್‌ಡಿಸ್ಕ್‌ನಲ್ಲಿ ಪೂರ್ತಿಯಾಗಿ ಕೂತಿರುವ ಗೇಮ್ ಆ ಹೊತ್ತಿಗೆ ಸರ್ವರ್ ಸಿಗುತ್ತಿಲ್ಲ ಎಂದು ಮೆನುವಿನಲ್ಲೇ ನಿಂತುಬಿಡುತ್ತದೆ.

ಗೇಮರ್‌ಗಳ ಸಿಟ್ಟಿನ ಮೂಲ ಇದು. ಕಂಪನಿಗಳು ಕಾಪಿ ತಡೆಯುವುದಕ್ಕೆ ಯಾರ ತಕರಾರೂ ಇಲ್ಲ. ಸಂಪರ್ಕ ಕಡಿದರೆ ಆಗುವ ನಷ್ಟವನ್ನು ಪೂರ್ತಿಯಾಗಿ ದುಡ್ಡು ಕೊಟ್ಟವರ ತಲೆಗೇ ಕಟ್ಟಿರುವುದಕ್ಕೆ ತಕರಾರು. ಅದೇ ಗೇಮಿನ ಬೀಗ ಮುರಿದ ಕ್ರ್ಯಾಕ್ ಕಾಪಿ ಇಟ್ಟುಕೊಂಡವರಿಗೆ ಮಳೆಯ ಚಿಂತೆಯಿಲ್ಲ, ಸರ್ವರಿನ ಚಿಂತೆಯೂ ಇಲ್ಲ.

ಎಲ್ಲ ಆನ್‌ಲೈನ್ ಬೀಗವೂ ಒಂದೇ ಥರದ್ದಲ್ಲ. ಸಿಟ್ಟಿನ ಭರದಲ್ಲಿ ನಾವು ಎಲ್ಲವನ್ನೂ ಒಂದೇ ಹೆಸರಿನಿಂದ ಬೈಯುತ್ತೇವೆ, ಅದರಿಂದ ಕೊಳ್ಳುವಾಗ ಮೋಸಹೋಗುತ್ತೇವೆ. ಮೊದಲನೆಯದು ಒಮ್ಮೆ ಆ್ಯಕ್ಟಿವೇಟ್ ಮಾಡಿದರೆ ಸಾಕೆನ್ನುವ ಬಗೆ. ಎರಡನೆಯದು ಆಗಾಗ ಅನುಮತಿ ಕೇಳುವ ಬಗೆ: ಸರ್ವರ್ ನಿಮ್ಮ ಕಂಪ್ಯೂಟರಿನ ಗುರುತು ನೋಡಿ ಒಂದು ಟೋಕನ್ ಕೊಡುತ್ತದೆ, ಗುರುತು ಬದಲಾದರೆ ಅಥವಾ ಟೋಕನ್ನಿನ ಅವಧಿ ಮುಗಿದರೆ ಮತ್ತೆ ನೆಟ್ ಬೇಕು. ಮೂರನೆಯದು ಆಡುವಷ್ಟು ಹೊತ್ತೂ ಸರ್ವರಿಗೆ ಹಾಜರಿ ಹೇಳುತ್ತಿರಬೇಕಾದ ಬಗೆ. ಇದರಲ್ಲಿ ಹೋಗಿಬರುವ ಡೇಟಾ ತೀರ ಕಡಿಮೆ, ಆದರೆ ಹಾಜರಿ ತಪ್ಪಿದರೆ ಗೇಮ್ ನಿಲ್ಲುತ್ತದೆ. ನಾಲ್ಕನೆಯದರಲ್ಲಿ ಗೇಮಿನ ಒಂದು ಭಾಗವೇ ಕಂಪನಿಯ ಸರ್ವರಿನಲ್ಲಿ ಓಡುತ್ತಿರುತ್ತದೆ. ನಿಮ್ಮ ಸೇವ್, ಗಳಿಸಿದ ವಸ್ತುಗಳು, ಕೆಲವೊಮ್ಮೆ ಶತ್ರುಗಳ ಚಲನವಲನವೂ ಅಲ್ಲೇ ಇರುತ್ತದೆ. ಈ ನಾಲ್ಕನೆಯ ಬಗೆಯಲ್ಲಿ ಸರ್ವರ್ ಮುಚ್ಚಿದ ದಿನ ನಿಮ್ಮ ಡಿಸ್ಕ್‌ನಲ್ಲಿ ಉಳಿಯುವ ಫೈಲ್‌ಗಳಿಂದ ಏನೂ ಪ್ರಯೋಜನವಿಲ್ಲ.

ಮೂರನೆಯ ಬಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 2010ರಲ್ಲಿ, ಯೂಬಿಸಾಫ್ಟ್‌ನ ಅಸಾಸಿನ್ಸ್ ಕ್ರೀಡ್ 2 ಮತ್ತು ಸೈಲೆಂಟ್ ಹಂಟರ್ 5 ಜತೆ. ನೆಟ್ ಒಂದು ಕ್ಷಣ ತಪ್ಪಿದರೂ ಗೇಮ್ ಹೊರಗೆಸೆಯುತ್ತಿತ್ತು, ಕೊನೆಯ ಚೆಕ್‌ಪಾಯಿಂಟ್‌ನಿಂದ ಮತ್ತೆ ಶುರುಮಾಡಬೇಕಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಕಂಪನಿಯ ಸರ್ವರ್‌ಗಳ ಮೇಲೇ ದಾಳಿ ನಡೆದು, ನೆಟ್ ಚೆನ್ನಾಗಿಯೇ ಇದ್ದ ಗ್ರಾಹಕರೂ ವಾರಾಂತ್ಯದಲ್ಲಿ ಆಡಲಾಗದೆ ಉಳಿದರು. ಟೀಕೆ ತಡೆಯಲಾಗದೆ 2012ರ ಸೆಪ್ಟೆಂಬರ್‌ನಲ್ಲಿ ಕಂಪನಿ ಈ ನೀತಿಯನ್ನು ಕೈಬಿಟ್ಟಿದ್ದಾಗಿ ಹೇಳಿತು. ಅಷ್ಟರಲ್ಲಿ ಉಳಿದವರು ಅದೇ ದಾರಿ ಹಿಡಿದಿದ್ದರು. 2012ರ ಮೇ 15ರಂದು ಬಂದ ಡಯಾಬ್ಲೊ 3 ಆಡಲು ಹೋದವರಿಗೆ ಸಿಕ್ಕಿದ್ದು ‘ಎರರ್ 37’. ಒಬ್ಬರೇ ಆಡುವುದಾದರೂ ಲಾಗಿನ್ ಸರತಿಯಲ್ಲಿ ನಿಲ್ಲಲೇಬೇಕಿತ್ತು. ಮರುವರ್ಷ ಅದೇ ಗೇಮ್ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಕ್ಕೆ ಬಂದಾಗ ನೆಟ್ ಇಲ್ಲದೆ ಆಡಬಹುದಿತ್ತು. ಪಿಸಿಯಲ್ಲಿ ಹೇರಿದ ಷರತ್ತು ಗೇಮಿನ ಒಳಗಿನ ಅಗತ್ಯದಿಂದ ಬಂದದ್ದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

2013ರ ಸಿಮ್‌ಸಿಟಿ ಪ್ರಕರಣ ಇನ್ನೂ ಸ್ಪಷ್ಟ. ನಗರದ ಲೆಕ್ಕಾಚಾರವೆಲ್ಲ ನಮ್ಮ ಸರ್ವರಿನಲ್ಲಿ ನಡೆಯುತ್ತದೆ, ಆಫ್‌ಲೈನ್ ಮಾಡಬೇಕೆಂದರೆ ವಿಪರೀತ ಕೆಲಸ ಎಂದು ತಯಾರಕರು ವಾದಿಸಿದರು. ಬಿಡುಗಡೆಯಾದ ವಾರ ಸರ್ವರ್‌ಗಳು ಕುಸಿದವು, ಗ್ರಾಹಕರ ಸಮಾಧಾನಕ್ಕೆ ಬೇರೊಂದು ಗೇಮ್ ಉಚಿತವಾಗಿ ಕೊಡಬೇಕಾಯಿತು. ಸಂಪರ್ಕ ಕಡಿದರೂ ನಗರ ಓಡುತ್ತಲೇ ಇರುತ್ತದೆ ಎಂದು ಗೇಮಿನ ಕೋಡ್ ತಿದ್ದುವ ಮಾಡರ್ ಒಬ್ಬರು ಕೆಲವೇ ದಿನಗಳಲ್ಲಿ ಮಾಡಿ ತೋರಿಸಿದರು. ಒಂದು ವರ್ಷ ಕಳೆದು, 2014ರ ಮಾರ್ಚ್‌ನಲ್ಲಿ, ಕಂಪನಿಯೇ ಆಫ್‌ಲೈನ್ ಅಪ್‌ಡೇಟ್ ಕೊಟ್ಟಿತು.

ಕಂಪನಿಗಳ ಮಾತಿನಲ್ಲಿ ಹುರುಳೇ ಇಲ್ಲವೆನ್ನಲಾಗದು. ಈಗ ಹೆಚ್ಚು ಬಳಕೆಯಲ್ಲಿರುವ ಡೆನುವೊ ಎಂಬ ರಕ್ಷಣೆಯನ್ನೇ ನೋಡಿ. ಅದನ್ನು ಬಳಸಿದ 86 ಗೇಮ್‌ಗಳ ಬಗ್ಗೆ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಡುಗಡೆಯಾದ ಮೊದಲ ವಾರದಲ್ಲೇ ಕ್ರ್ಯಾಕ್ ಆದರೆ ಆದಾಯಕ್ಕೆ ಸುಮಾರು ಶೇ 20ರಷ್ಟು ಪೆಟ್ಟು ಬೀಳುತ್ತದೆ. ಇದು ಸಣ್ಣ ಮೊತ್ತವಲ್ಲ. ಆದರೆ ಅದೇ ಅಧ್ಯಯನ ಹೇಳುವ ಇನ್ನೊಂದು ಸಂಗತಿಯಿದೆ: 12 ವಾರ ದಾಟಿದ ಮೇಲೆ ಕ್ರ್ಯಾಕ್ ಆದರೆ ನಷ್ಟ ಹೆಚ್ಚುಕಡಿಮೆ ಸೊನ್ನೆ. ಹಾಗಿದ್ದ ಮೇಲೆ ಮೂರು ತಿಂಗಳ ನಂತರ ಬೀಗ ತೆಗೆಯಲು ಏನು ಅಡ್ಡಿ? ಕೆಲವು ಪ್ರಕಾಶಕರು ತೆಗೆಯುತ್ತಾರೆ. ಹಲವರು ವರ್ಷಗಟ್ಟಲೆ ಹಾಗೇ ಬಿಡುತ್ತಾರೆ, ಆಮೇಲೆ ಅದನ್ನು ನೋಡಿಕೊಳ್ಳುವವರೇ ಇರುವುದಿಲ್ಲ. 2021ರ ನವೆಂಬರ್‌ನಲ್ಲಿ ಡೆನುವೊ ಬಳಸುತ್ತಿದ್ದ ಒಂದು ಡೊಮೇನ್ ಹೆಸರಿನ ಅವಧಿ ನವೀಕರಣವಾಗದೆ ಮುಗಿದುಹೋಗಿ ಹಲವು ಗೇಮ್‌ಗಳು ಗಂಟೆಗಟ್ಟಲೆ ತೆರೆಯಲಿಲ್ಲ. ಅದೇ ಹೊತ್ತಿಗೆ ಬಂದ ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್‌ಗಳಲ್ಲಿ ಎರಡು ಬಗೆಯ ಕೋರ್‌ಗಳಿದ್ದವು. ಅವನ್ನು ಈ ರಕ್ಷಣೆ ಎರಡು ಬೇರೆ ಕಂಪ್ಯೂಟರ್‌ಗಳೆಂದು ತಿಳಿದು ಹತ್ತಾರು ಗೇಮ್‌ಗಳನ್ನು ನಿಲ್ಲಿಸಿತು. ಮದರ್‌ಬೋರ್ಡ್ ತಯಾರಕರು ಸ್ಕ್ರಾಲ್ ಲಾಕ್ ಕೀ ಒತ್ತಿ ಚಿಕ್ಕ ಕೋರ್‌ಗಳನ್ನು ಮಲಗಿಸುವ ಉಪಾಯ ಕೊಡಬೇಕಾಯಿತು.

ಡೆನುವೊ ಇರುವ ಗೇಮ್‌ಗಳಲ್ಲಿ ಮನೆಯಲ್ಲಿ ಎದುರಾಗುವ ತೊಂದರೆ ಇಷ್ಟು ನಾಟಕೀಯವಲ್ಲ. ವಿಂಡೋಸ್ ಮರುಸ್ಥಾಪಿಸಿದರೆ ಅಥವಾ ಪ್ರೊಸೆಸರ್, ಮದರ್‌ಬೋರ್ಡ್ ಬದಲಿಸಿದರೆ ಹೊಸ ಟೋಕನ್ ಬೇಕು. ದಿನಕ್ಕೆ ಐದು ಬೇರೆ ಪಿಸಿ ಎಂಬ ಮಿತಿ ಸಾಮಾನ್ಯ. ಲಿನಕ್ಸ್‌ನಲ್ಲಿ ಅಥವಾ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರದಲ್ಲಿ ಆಡುವವರು, ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ತಂತ್ರಾಂಶದ ಆವೃತ್ತಿ ಬದಲಿಸಿದಾಗಲೆಲ್ಲ ಅದು ಹೊಸ ಪಿಸಿ ಎಂದೇ ಲೆಕ್ಕವಾಗುತ್ತದೆ. ಯಾವ ಪ್ರೋಟಾನ್‌ನಲ್ಲಿ ಚೆನ್ನಾಗಿ ಓಡುತ್ತದೆಂದು ಒಂದೊಂದಾಗಿ ಪರೀಕ್ಷಿಸುತ್ತ ಹೋದರೆ ಐದು ಸಲಕ್ಕೆ ಬಾಗಿಲು ಮುಚ್ಚಿ, ಮರುದಿನದವರೆಗೆ ಕಾಯಬೇಕಾಗುತ್ತದೆ.

ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವುದು

ಗೇಮ್ ತೋರಿಸುವ ಎರರ್ ಸಂದೇಶ ಹೆಚ್ಚಾಗಿ ಒಂದೇ: ಸರ್ವರ್ ಸಂಪರ್ಕವಿಲ್ಲ. ಕಾರಣ ನಾಲ್ಕು ಕಡೆ ಇರಬಹುದು. ಮೊದಲು ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆ, ಅಂದರೆ ಒಎನ್‌ಟಿ, ನೋಡಿ. ‘ಲಾಸ್’ ಎಂದು ಬರೆದ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ, ಎಲ್ಲೋ ತುಂಡಾಗಿದೆ. ಪೆಟ್ಟಿಗೆಯನ್ನು ಎಷ್ಟು ಸಲ ಆಫ್-ಆನ್ ಮಾಡಿದರೂ ಪ್ರಯೋಜನವಿಲ್ಲ, ಆಪರೇಟರಿಗೆ ಫೋನ್ ಮಾಡಬೇಕು, ಅವರು ಸ್ಪ್ಲೈಸಿಂಗ್ ಮಷಿನ್ ತಂದು ಬೆಸೆಯಬೇಕು. ‘ಪಾನ್’ ದೀಪ ಹಸಿರಾಗಿ ನಿಂತಿದ್ದು ‘ಇಂಟರ್ನೆಟ್’ ದೀಪ ಮಾತ್ರ ಆರಿದ್ದರೆ ಫೈಬರ್ ಸರಿಯಿದೆ, ತೊಂದರೆ ಮುಂದೆ ಅಥವಾ ನಿಮ್ಮ ಖಾತೆಯ ಲಾಗಿನ್‌ನಲ್ಲಿದೆ. ಎಲ್ಲ ದೀಪ ಸರಿಯಿದ್ದು ಬ್ರೌಸರ್ ತೆರೆಯುತ್ತದೆ, ಗೇಮ್ ಮಾತ್ರ ತೆರೆಯುವುದಿಲ್ಲ ಎಂದಾದರೆ ಕಂಪನಿಯ ಸರ್ವರ್ ಬಿದ್ದಿರಬಹುದು. ಅಥವಾ ನಿಮ್ಮ ಗಡಿಯಾರ ತಪ್ಪಿರಬಹುದು.

ಈ ಗಡಿಯಾರದ ವಿಷಯ ಬಹಳ ಮಂದಿಗೆ ಹೊಳೆಯುವುದಿಲ್ಲ. ಮದರ್‌ಬೋರ್ಡ್ ಮೇಲೆ ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿಯಿದೆ. ಅದು ಮುಗಿದಿದ್ದರೂ ಕರೆಂಟ್ ಇರುವಷ್ಟು ದಿನ ಗೊತ್ತಾಗುವುದಿಲ್ಲ. ಗುಡುಗಿಗೆ ಹೆದರಿ ಪ್ಲಗ್ ಕಿತ್ತಿಟ್ಟ ಮರುದಿನ ಪಿಸಿ ಆನ್ ಮಾಡಿದರೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಸರ್ವರಿನ ಭದ್ರತಾ ಸರ್ಟಿಫಿಕೇಟ್ ಆ ದಿನಾಂಕಕ್ಕೆ ಸಿಂಧುವಲ್ಲವಾದ್ದರಿಂದ ಸಂಪರ್ಕ ನಿರಾಕರಣೆಯಾಗುತ್ತದೆ, ಆಫ್‌ಲೈನ್ ಟೋಕನ್ ಕೂಡ ಕೈಕೊಡಬಹುದು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ ತೆರೆದು ‘ಸಿಂಕ್ ನೌ’ ಒತ್ತಿದರೆ ತತ್ಕಾಲಕ್ಕೆ ಸರಿಹೋಗುತ್ತದೆ. ಬ್ಯಾಟರಿ ಬದಲಿಸದೆ ಬಿಟ್ಟರೆ ಮುಂದಿನ ಸಿಡಿಲಿಗೆ ಮತ್ತದೇ ಕತೆ. ಐದಾರು ವರ್ಷ ಹಳೆಯ ಪಿಸಿಯಾದರೆ ಮಳೆಗಾಲಕ್ಕೆ ಮೊದಲೇ ಬದಲಿಸಿಬಿಡಿ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ಆದರೆ ರೂಟರ್ ಆರುತ್ತದೆ. ಇದಕ್ಕೆ 12 ವೋಲ್ಟ್‌ನ ಮಿನಿ ಯುಪಿಎಸ್ ಸಿಗುತ್ತದೆ. ಪೆಟ್ಟಿಗೆಯ ಮೇಲೆ 8,800 ಎಂಎಎಚ್ ಎಂದಿದ್ದರೆ ಅದು ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕ, ಅಂದರೆ ಸುಮಾರು 32 ವ್ಯಾಟ್-ಅವರ್. ಪರಿವರ್ತನೆಯಲ್ಲಿ ಕಳೆದುಹೋಗುವುದನ್ನು ಬಿಟ್ಟರೆ ಕೈಗೆ 27 ಸಿಗುತ್ತದೆ. ಒಎನ್‌ಟಿ ಮತ್ತು ವೈಫೈ ಒಂದೇ ಪೆಟ್ಟಿಗೆಯಲ್ಲಿದ್ದು 8ರಿಂದ 10 ವ್ಯಾಟ್ ಎಳೆದರೆ ಮೂರು ಗಂಟೆಯ ಆಸುಪಾಸು ನಡೆಯುತ್ತದೆ. ಎರಡು ಪ್ರತ್ಯೇಕ ಪೆಟ್ಟಿಗೆಗಳಿದ್ದರೆ ಅರ್ಧಕ್ಕೆ ಇಳಿಯುತ್ತದೆ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದೇ ಇದೆಯೇ ನೋಡಿ. 9 ವೋಲ್ಟಿನ ಹಳೆಯ ರೂಟರಿಗೆ 12 ಕೊಟ್ಟರೆ ಸುಟ್ಟುಹೋಗಬಹುದು.

ಇಷ್ಟು ಮಾಡಿದರೂ ಭರವಸೆಯಿಲ್ಲ ಎಂಬುದೇ ಮುಖ್ಯ ಮಾತು. ಸ್ಥಳೀಯ ಕೇಬಲ್‌ನವರು ಕಂಬದ ಪೆಟ್ಟಿಗೆಯಲ್ಲಿ ಸ್ವಿಚ್ ಇಟ್ಟು ಲೈನ್ ಕೊಟ್ಟಿದ್ದರೆ ಆ ಸ್ವಿಚ್ಚಿಗೂ ಕರೆಂಟ್ ಬೇಕು. ಅದರ ಬ್ಯಾಟರಿ ಮುಗಿದರೆ ನಿಮ್ಮ ಮನೆಯ ಯುಪಿಎಸ್ ಎಷ್ಟೇ ದೊಡ್ಡದಿದ್ದರೂ ನೆಟ್ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್‌ಗೆ ಹೊರಳಿದರೆ ಐಪಿ ವಿಳಾಸ ಬದಲಾಗಿ ಹಲವು ಗೇಮ್‌ಗಳು ಹಳೆಯ ಸೆಷನ್ ಕಡಿದು ಮತ್ತೆ ಲಾಗಿನ್ ಕೇಳುತ್ತವೆ. ಟವರಿಗೂ ಸಂಪರ್ಕ ಬರುವುದು ಹೆಚ್ಚಾಗಿ ಫೈಬರಿನಲ್ಲೇ, ಒಂದೇ ಮರ ಎರಡನ್ನೂ ಕೆಡವಬಹುದು. ಮಣಿಪಾಲ, ಸುರತ್ಕಲ್, ದೇರಳಕಟ್ಟೆಯಂಥ ಕಡೆ ಹಾಸ್ಟೆಲ್, ಪಿಜಿಗಳಲ್ಲಿರುವ ವಿದ್ಯಾರ್ಥಿಗಳಿಗೆ ಬೇರೆಯೇ ಕಿರಿಕಿರಿ. ಹಂಚಿಕೆಯ ವೈಫೈನ ಲಾಗಿನ್ ಪುಟ ಇಷ್ಟು ಗಂಟೆಗೊಮ್ಮೆ ಪಾಸ್‌ವರ್ಡ್ ಕೇಳುತ್ತದೆ, ಗೇಮ್ ಫುಲ್‌ಸ್ಕ್ರೀನ್‌ನಲ್ಲಿದ್ದಾಗ ಆ ಪುಟ ಕಾಣುವುದೇ ಇಲ್ಲ, ನೆಟ್ ಹೋಯಿತೆಂದೇ ಅನಿಸುತ್ತದೆ. ಇನ್ನು 2019ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಆದಂತೆ ಸರಕಾರವೇ 48 ಗಂಟೆ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದರೆ ಹಾಟ್‌ಸ್ಪಾಟೂ ಕೆಲಸಕ್ಕೆ ಬಾರದು. ಅಷ್ಟೆಲ್ಲ ಖರ್ಚು, ಅಷ್ಟೆಲ್ಲ ಸರ್ಕಸ್ ಒಂದು ಅನುಮತಿ ಚೀಟಿಗಾಗಿ ಎಂಬುದನ್ನು ನೆನೆದರೆ ಸಿಟ್ಟು ಬರುವುದು ಸಹಜ.

ದುಡ್ಡು ಕೊಡುವ ಮೊದಲು ಮತ್ತು ಕೊಟ್ಟ ಕೂಡಲೇ

ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಗೇಮಿನ ಪುಟದ ಬಲಬದಿಯಲ್ಲಿ ಸಣ್ಣ ಪೆಟ್ಟಿಗೆಯಲ್ಲಿ ಬರೆದಿರುತ್ತದೆ: ಹೊರಗಿನ ಡಿಆರ್‌ಎಂ (ಕಾಪಿ ತಡೆಯುವ ಬೀಗ) ಇದೆಯೇ, ಬೇರೆ ಕಂಪನಿಯ ಖಾತೆ ಬೇಕೇ, ಎಷ್ಟು ಪಿಸಿ ಮಿತಿ. ಅದನ್ನು ಓದದೆ ಕೊಳ್ಳಬೇಡಿ. ಅಲ್ಲಿ ಬರೆಯದೆ ಇರುವುದನ್ನು ಪಿಸಿ ಗೇಮಿಂಗ್ ವಿಕಿ ಎಂಬ ತಾಣದಲ್ಲಿ ಗೇಮ್‌ವಾರು ನೋಡಬಹುದು. ಯಾವ ಅಂಗಡಿಯ ಪ್ರತಿಯಲ್ಲಿ ಯಾವ ಬೀಗ, ಸೇವ್ ಫೈಲ್ ಯಾವ ಫೋಲ್ಡರಿನಲ್ಲಿ ಎಂಬುದೆಲ್ಲ ಅಲ್ಲಿ ಪಟ್ಟಿಯಾಗಿದೆ. ಸೇವ್ ಫೈಲಿನ ಜಾಗವೇ ಇಲ್ಲವೆಂದರೆ ಅದು ನಾಲ್ಕನೆಯ ಬಗೆಯದಿರಬಹುದು ಎಂದು ತಿಳಿಯಿರಿ.

ಕೊಂಡ ಮೇಲೆ ನಿಜವಾದ ಪರೀಕ್ಷೆ ಮಾಡಲು ಸ್ಟೀಮ್‌ನ ಹಣ ವಾಪಸಿ ನಿಯಮವನ್ನೇ ಬಳಸಿ: ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ. ಡೌನ್‌ಲೋಡ್, ಅಪ್‌ಡೇಟ್ ಎಲ್ಲ ಪೂರ್ತಿ ಮುಗಿಯಲಿ. ನೆಟ್ ಇರುವಾಗ ಒಮ್ಮೆ ಗೇಮ್ ತೆರೆದು ಮೆನು ದಾಟಿ ಆಟದೊಳಗೆ ಹೋಗಿ, ಸೇವ್ ಮಾಡಿ ಹೊರಬನ್ನಿ. ಇದನ್ನು ಬಿಟ್ಟರೆ ಟೋಕನ್ ಬಂದಿರುವುದಿಲ್ಲ, ಪರೀಕ್ಷೆ ಸುಳ್ಳಾಗುತ್ತದೆ. ನಂತರ ಸ್ಟೀಮ್ ಮೆನುವಿನಲ್ಲಿ ‘ಗೋ ಆಫ್‌ಲೈನ್’ ಕೊಟ್ಟು, ಲ್ಯಾನ್ ವೈರ್ ತೆಗೆದು ಅಥವಾ ವೈಫೈ ಆರಿಸಿ, ಪಿಸಿ ರೀಸ್ಟಾರ್ಟ್ ಮಾಡಿ. ಈಗ ಗೇಮ್ ತೆರೆದು ಇಪ್ಪತ್ತು ನಿಮಿಷ ಆಡಿ, ಸೇವ್ ಲೋಡ್ ಆಗುತ್ತದೆಯೇ ನೋಡಿ. ಆನ್‌ಲೈನ್ ಇದ್ದಾಗಲೇ ವೈರ್ ಕಿತ್ತರೆ ಏನಾಗುತ್ತದೆ ಎಂಬುದನ್ನೂ ಒಮ್ಮೆ ನೋಡಿಬಿಡಿ: ಕೆಲವು ಗೇಮ್‌ಗಳು ನೆಟ್ ಇಲ್ಲದೆ ತೆರೆಯುತ್ತವೆ, ಆದರೆ ನಡುವೆ ಕಡಿದರೆ ಹೊರಗೆ ಹಾಕುತ್ತವೆ. ಪರೀಕ್ಷೆ ಸೋತರೆ ಅವತ್ತೇ ವಾಪಸಿ ಕೇಳಿ. ಪ್ರಕಾಶಕರ ಪ್ರತ್ಯೇಕ ಲಾಂಚರ್ ಸುಮ್ಮನೆ ತೆರೆದಿಟ್ಟ ಹೊತ್ತೂ ಆಡಿದ ಸಮಯಕ್ಕೆ ಸೇರುತ್ತದೆ, ಅದನ್ನು ಮುಚ್ಚಲು ಮರೆಯಬೇಡಿ.

ಆಫ್‌ಲೈನ್ ಹೋಗುವ ಮೊದಲು ಅರ್ಧ ಅಪ್‌ಡೇಟ್ ಉಳಿದಿದ್ದರೆ ಅದೂ ಅಡ್ಡಗಾಲು. ಅಪ್‌ಡೇಟ್ ಮುಗಿಯದೆ ಗೇಮ್ ತೆರೆಯಲು ಸ್ಟೀಮ್ ಒಪ್ಪುವುದಿಲ್ಲ. ಫೋನ್ ಹಾಟ್‌ಸ್ಪಾಟ್ ಬಳಸುವವರು ವಿಂಡೋಸ್‌ನಲ್ಲಿ ಆ ವೈಫೈಯನ್ನು ‘ಮೀಟರ್ಡ್’ ಎಂದು ಗುರುತಿಸಿ, ಸ್ಟೀಮ್ ಅಪ್‌ಡೇಟ್‌ಗೆ ರಾತ್ರಿಯ ಸಮಯ ನಿಗದಿ ಮಾಡಿದರೆ ದಿನದ ಡೇಟಾ ಉಳಿಯುತ್ತದೆ.

ಬೀಗವೇ ಬೇಡವೆನ್ನುವವರಿಗೆ ಜಿಒಜಿ ಅಂಗಡಿ ಇದೆ. ಅಲ್ಲಿ ‘ಆಫ್‌ಲೈನ್ ಬ್ಯಾಕಪ್ ಇನ್‌ಸ್ಟಾಲರ್’ ಎಂದು ಇಳಿಸಿಕೊಂಡ ಫೈಲ್‌ಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿಟ್ಟರೆ ಖಾತೆಯ ಹಂಗಿಲ್ಲದೆ ಎಂದಾದರೂ ಹಾಕಿಕೊಳ್ಳಬಹುದು. ಒಂದು ಇನ್‌ಸ್ಟಾಲರ್ ಹಲವು ತುಂಡುಗಳಲ್ಲಿ ಬರುತ್ತದೆ, ಒಂದು ತಪ್ಪಿದರೂ ಗೇಮ್ ಹಾಕಲಾಗದು. ಹಾಗಾಗಿ ಬ್ಯಾಕಪ್ ಮಾಡಿದ ದಿನವೇ ಒಮ್ಮೆ ಆ ಡಿಸ್ಕ್‌ನಿಂದ ಇನ್‌ಸ್ಟಾಲ್ ಮಾಡಿ ನೋಡಿ. ಈ ಅಂಗಡಿಯ ಗ್ರಾಹಕರು ತತ್ವದಲ್ಲಿ ರಾಜಿಯಾಗುವವರಲ್ಲ. 2021ರಲ್ಲಿ ಹಿಟ್‌ಮ್ಯಾನ್ ಗೇಮ್ ಆನ್‌ಲೈನ್ ಷರತ್ತಿನೊಂದಿಗೇ ಅಲ್ಲಿಗೆ ಬಂದಾಗ ಎದ್ದ ಪ್ರತಿಭಟನೆಗೆ ಕೆಲವೇ ವಾರಗಳಲ್ಲಿ ಅದನ್ನು ಮಾರಾಟದಿಂದ ತೆಗೆಯಬೇಕಾಯಿತು.

ಸರ್ವರ್ ಮುಚ್ಚಿದ ಮೇಲೆ

ನೆಟ್ ಹೋದರೆ ನಾಳೆ ಬರುತ್ತದೆ. ಸರ್ವರ್ ಮುಚ್ಚಿದರೆ ಬರುವುದಿಲ್ಲ. 2014ರಲ್ಲಿ ಬಂದ ದ ಕ್ರೂ ಎಂಬ ಕಾರ್ ರೇಸಿಂಗ್ ಗೇಮಿನಲ್ಲಿ ಒಬ್ಬರೇ ಆಡುವ ದೊಡ್ಡ ಕಥಾಭಾಗವಿತ್ತು. ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ಅದರ ಸರ್ವರ್ ಮುಚ್ಚಿತು, ಗೇಮ್ ಪೂರ್ತಿ ಸತ್ತಿತು. ಬೆನ್ನಿಗೇ ಕೊಂಡವರ ಖಾತೆಗಳಿಂದ ಲೈಸೆನ್ಸನ್ನೂ ಹಿಂತೆಗೆದುಕೊಂಡಿತು. ಯೂಟ್ಯೂಬರ್ ರಾಸ್ ಸ್ಕಾಟ್ ಆ ಏಪ್ರಿಲ್‌ನಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನ ಶುರುಮಾಡಿದ್ದು ಇದರಿಂದಲೇ. ಅಭಿಯಾನದ ಬೇಡಿಕೆ ಸರ್ವರನ್ನು ಅನಂತಕಾಲ ನಡೆಸಿ ಎಂಬುದಲ್ಲ, ಮುಚ್ಚುವಾಗ ಗೇಮನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂಬುದು. ಐರೋಪ್ಯ ಒಕ್ಕೂಟದ ನಾಗರಿಕ ಅರ್ಜಿಗೆ ಬೇಕಾದ 10 ಲಕ್ಷ ಸಹಿ 2025ರ ಜುಲೈನಲ್ಲಿ ದಾಟಿತು. ಹೀಗೆ ಮಾಡಿದರೆ ಆನ್‌ಲೈನ್ ಗೇಮ್ ತಯಾರಿಕೆ ವಿಪರೀತ ದುಬಾರಿಯಾಗುತ್ತದೆಂದು ಯುರೋಪಿನ ಉದ್ಯಮ ಸಂಘಟನೆ ವಾದಿಸಿದೆ. ನೂರಾರು ಜನ ಒಟ್ಟಿಗೆ ಆಡುವ ಗೇಮ್‌ಗಳ ಮಟ್ಟಿಗೆ ಆ ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಸೋತು ಮುಚ್ಚುತ್ತಿದ್ದ ರೆಡ್‌ಫಾಲ್ ಗೇಮಿಗೂ 2024ರ ಮೇ ತಿಂಗಳ ಕೊನೆಯ ಅಪ್‌ಡೇಟ್‌ನಲ್ಲಿ ಆಫ್‌ಲೈನ್ ಸೌಲಭ್ಯ ಕೊಡಲಾಯಿತು. ಟೀಕೆಗೆ ಗುರಿಯಾದ ಯೂಬಿಸಾಫ್ಟೇ ದ ಕ್ರೂ 2ಕ್ಕೆ 2025ರಲ್ಲಿ ಆಫ್‌ಲೈನ್ ಮೋಡ್ ತಂದಿತು. ಮನಸ್ಸು ಮಾಡಿದಲ್ಲೆಲ್ಲ ಅದು ಆಗಿದೆ.

ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನಂತೆ, ಹಿಂತೆಗೆದುಕೊಳ್ಳಬಹುದಾದ ಲೈಸೆನ್ಸನ್ನು ಹಾಗೆಂದು ತಿಳಿಸದೆ ‘ಖರೀದಿಸಿ’ ಎಂಬ ಬಟನ್ ಇಟ್ಟು ಮಾರುವಂತಿಲ್ಲ. ಸ್ಟೀಮ್ ಕಾರ್ಟ್‌ನಲ್ಲಿ ಈಗ ಕಾಣುವ ಲೈಸೆನ್ಸ್ ಸೂಚನೆ ಬಂದದ್ದು ಈ ಕಾನೂನಿಗೆ ಅಂಕಿತ ಬಿದ್ದ ಮರುತಿಂಗಳು, 2024ರ ಅಕ್ಟೋಬರ್‌ನಲ್ಲಿ.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಒಪ್ಪಂದ ಮುರಿಯಲು ಒಬ್ಬರಿಗೇ ಅಧಿಕಾರ ಕೊಡುವ ಷರತ್ತನ್ನು ಅದು ಅನ್ಯಾಯದ ಒಪ್ಪಂದದ ವ್ಯಾಖ್ಯೆಯೊಳಗೆ ತರುತ್ತದೆ. 2020ರ ಇ-ಕಾಮರ್ಸ್ ನಿಯಮಗಳು ಭಾರತದ ಗ್ರಾಹಕರಿಗೆ ನಿಯಮಿತವಾಗಿ ಮಾರುವ ವಿದೇಶಿ ತಾಣಗಳಿಗೂ ಅನ್ವಯ. ದೂರು ಕೊಟ್ಟ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಎಂಬುದು ನಿಯಮ. ಮೊದಲು ಅಂಗಡಿಯ ದೂರು ಅಧಿಕಾರಿಗೆ ಬರೆಯಿರಿ, ನಂತರ 1915 ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಸೇವಾಲೋಪವೆಂದು ಮಂಗಳೂರು ಅಥವಾ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಇ-ಜಾಗೃತಿ ಪೋರ್ಟಲ್ ಮೂಲಕವೇ ಸಲ್ಲಿಸಬಹುದು. ಆದರೆ ಒಪ್ಪಂದವೇ ಅನ್ಯಾಯದ್ದೆಂದು ಪ್ರಶ್ನಿಸುವುದಾದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿಲ್ಲ, ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕು. ವಿವಾದವೆಲ್ಲ ಮಧ್ಯಸ್ಥಿಕೆಯಲ್ಲೇ ತೀರಬೇಕೆಂಬ ಷರತ್ತು ಕಂಡು ಹಿಂಜರಿಯಬೇಡಿ. ಅಂಥ ಷರತ್ತು ಗ್ರಾಹಕ ಆಯೋಗದ ದಾರಿಯನ್ನು ಮುಚ್ಚುವುದಿಲ್ಲವೆಂದು 2018ರಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ದೂರಿನ ಬಲವೆಲ್ಲ ಕಾಗದದಲ್ಲಿದೆ. ಕೊಂಡ ದಿನವೇ ಅಂಗಡಿಯ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಬಲಬದಿಯ ಪೆಟ್ಟಿಗೆ ಸಮೇತ. ಗೇಮ್ ಮಾರಾಟದಿಂದ ಹೋದಮೇಲೆ ಆ ಪುಟ ಹಾಗೇ ಸಿಗುವ ಖಾತರಿಯಿಲ್ಲ. ಹಣ ಪಾವತಿಯ ಇಮೇಲ್, ಸರ್ವರ್ ಮುಚ್ಚುವ ಪ್ರಕಟಣೆ, ಎರರ್ ಬಂದ ದಿನಾಂಕ ಮತ್ತು ಚಿತ್ರ ಜತೆಗಿರಲಿ. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ದಾವೆ ಹೂಡಬೇಕು.